ಅಕ್ಕನ ಸಾಸಿವೆ ಚೀಲ

ಹೊಲಿಗೆ ಡಬ್ಬಿಯ ತಳದಲ್ಲಿ ಅಂಗೈಯಗಲದ ಬಟ್ಟೆಯ ಚೀಲವೊಂದು ಸಿಕ್ಕಿತು. ಹಿಸುಕಿದರೆ ಒಳಗೆ ಸಾಸಿವೆ ಸರಸರ ಎಂದಿತು. ಮೂಗಿಗೆ ಹಿಡಿದರೆ ಇನ್ನೂ ಸ್ವಲ್ಪ ಘಾಟು... ಪಕ್ಕದ ಅಪಾರ್ಟ್‌ಮೆಂಟಿನ ಅಕ್ಕ ನೆನಪಾದರು.

ಹುಬ್ಬಳ್ಳಿ ಕಡೆಯವರು. ಅಮೆರಿಕದ ಸ್ಯಾನ್ ಮಟಿಯೋದಲ್ಲಿ ನಮ್ಮಿಬ್ಬರ ಮನೆಗೂ ಒಂದೇ ಗೋಡೆ; ಅವರ ಒಗ್ಗರಣೆಗೆ ನಾವು ಸೀನುತ್ತಿದ್ದೆವು. ಕ್ಯಾನ್ಸರಿನಿಂದಾಗಿ ಅವರ ಎಡ ಸ್ತನವನ್ನು ತೆಗೆದಿದ್ದರು. ಅವರ ಕೆಲಸವೂ ಅದೇ ದಾರಿಯದು. ಲ್ಯಾಬಿನಲ್ಲಿ ಒಂದು ಬಗೆಯ ಜೆಲ್ ಮಾಡುತ್ತಿದ್ದರು: ಸೂಜಿಯಲ್ಲಿ ಹಾಯಬೇಕು, ಮೈಯೊಳಗೆ ಹೋದಮೇಲೆ ಗಟ್ಟಿಯಾಗಬೇಕು. ರೋಗಿಯದೇ ಕೊಬ್ಬಿನ ಜೀವಕೋಶಗಳನ್ನು ಅದರಲ್ಲಿ ಬೆರೆಸಿ ಚುಚ್ಚಿದರೆ, ತೆಗೆದ ಜಾಗ ಮತ್ತೆ ತುಂಬಿಕೊಳ್ಳಬೇಕೆಂಬುದು ಅವರ ಹಟ. ಆಗಿನ್ನೂ ಇಲಿಗಳ ಮೇಲೆ ನೋಡುತ್ತಿದ್ದರು.

ಆ ಖಾಲಿ ಜಾಗಕ್ಕೆ ಅಂಗಡಿಯ ಸಿಲಿಕೋನ್ ಉಂಡೆ ಇಟ್ಟುಕೊಂಡರೆ ಸೆಕೆ ಎಂದರು. ನಮ್ಮವರ ಹಳೆಯ ಪಂಚೆ ಹರಿದು ಚೀಲ ಹೊಲಿದೆ, ಸಾಸಿವೆ ತುಂಬಿದೆ, ರವಿಕೆಯೊಳಗೆ ಜೇಬಿಟ್ಟುಕೊಟ್ಟೆ. ಅದನ್ನು ತೊಟ್ಟು ನಮ್ಮ ಜೊತೆ ಲಿವರ್‌ಮೋರ್ ದೇವಸ್ಥಾನಕ್ಕೆ ಬಂದರು. ಪ್ರದಕ್ಷಿಣೆಯ ನಡುವೆ ಹಿಂದಿನಿಂದ ನನ್ನ ಮಗಳು ಕೂಗಿದಳು: "ಆಂಟೀ, ಸಮ್‌ಥಿಂಗ್ ಈಸ್ ಫಾಲಿಂಗ್!"

ತಿರುಗಿ ನೋಡಿದರೆ ನೆಲದುದ್ದಕ್ಕೂ ಸಾಸಿವೆಯ ಸಾಲು. ಪಂಚೆ ಅಷ್ಟು ಸವೆದಿತ್ತು.

"ಅಯ್ಯೋ ಅಕ್ಕಾ, ಅಲ್ಲಾಡ್ಬೇಡಿ, ನಿಂತ್ಕೊಳ್ಳಿ!"

ಅಕ್ಕ ಕಂಬಕ್ಕೊರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನೋಡವಾ ತಂಗಿ, ಲ್ಯಾಬಿನಾಗೂ ನಂದು ಇದ ಗೋಳು! ಸೆಲ್ಲು ಬರೇ ಚುಚ್ಚಿದ್ರ ಹಿಂಗ ಚದುರಿ ಹೊಕ್ಕಾವ. ಹಿಡ್ಕೊಳ್ಳಾಕ ಜೆಲ್ಲು ಬೇಕು. ಅದು ಭಾಳ ಬಿಗಿ ಆತಂದ್ರ ಉಸಿರು ಕಟ್ಟಿ ಸಾಯ್ತಾವ."

"ನಿಮಗೆ ಯಾವಾಗ ಹಾಕ್ತಾರಕ್ಕ?"

ಆ ವರ್ಷ ಅವರ ಕಾಯಿಲೆ ಮರಳಿತ್ತು, ನನಗೂ ಗೊತ್ತಿತ್ತು. ಆದರೂ ಕೇಳಿಬಿಟ್ಟಿದ್ದೆ. ಅವರ ಮುಖದಲ್ಲಿ ನಗು ಹಾಗೇ ಇತ್ತು. "ನನಗಲ್ಲವಾ. ನನ್ನ ರೋಗ ಅಷ್ಟು ದಿನ ಕಾಯಂಗಿಲ್ಲ. ಆದ್ರ ಜೆಲ್ಲು ಬರತೈತಿ, ಬಂದ ಬರತೈತಿ. ನೀ ಮಾತ್ರ ಚೀಲ ಡಬಲ್ ಹೊಲಿ."

ಹೊಲಿದೆ. ದಪ್ಪ ಪಾಪ್ಲಿನ್, ಎರಡು ಪದರ, ಅಂಚಿಗೆ ಮರುಹೊಲಿಗೆ. ಕೊಡುವಷ್ಟರಲ್ಲಿ ಅಕ್ಕ ಆಸ್ಪತ್ರೆ ಸೇರಿದ್ದರು. ಆಮೇಲೆ... ಸಾಸಿವೆ ತುಂಬಿದ ಚೀಲ ನನ್ನ ಡಬ್ಬಿಯಲ್ಲೇ ಉಳಿಯಿತು.

ಈಚೆಗೆ ಅವರ ಲ್ಯಾಬಿನಲ್ಲಿದ್ದವಳೊಬ್ಬಳು ಗ್ರೋಸರಿ ಅಂಗಡಿಯಲ್ಲಿ ಸಿಕ್ಕಿದಳು. ಅಕ್ಕನ ಜೆಲ್ಲಿನಲ್ಲಿ ಜೀವಕೋಶಗಳು ಈಗ ಇಟ್ಟ ಜಾಗದಲ್ಲೇ ಉಳಿಯುತ್ತಿವೆಯಂತೆ, ಬದುಕುತ್ತಲೂ ಇವೆಯಂತೆ. ಮನುಷ್ಯರವರೆಗೆ ಇನ್ನೂ ದೂರವಿದೆ ಎಂದಳು. ಇರಲಿ, ಬಂದೇ ಬರುತ್ತದೆ. ಅದನ್ನು ನೋಡಿ ನಗಲು ಅಕ್ಕ ಇಲ್ಲ.

ಚೀಲವನ್ನು ಬಿಳಿ ಕಾಗದದ ಮೇಲೆ ಹಿಡಿದು ಜೋರಾಗಿ ಕೊಡವಿದೆ. ಒಂದು ಕಾಳೂ ಉದುರಲಿಲ್ಲ.