ಹೊತ್ತು ಮೀರಿ ಮುಚ್ಚಿದ ರಾಶಿ

ಸೋಮಣ್ಣಾ, ಅವತ್ತು ಭತ್ತದ ರಾಶಿಯನ್ನು ಹೊತ್ತಿಗೆ ಸರಿಯಾಗಿ ಮುಚ್ಚಲಿಲ್ಲ. ನಾನು ಬೇವಿನ ನೆರಳಿನಲ್ಲಿ ನಿದ್ದೆ ಹೋಗಿದ್ದೆ. ನೀನು ಕೇಳಿದಾಗ ನಾನು ಸುಳ್ಳು ಹೇಳಿದೆ. ಗಿರಣಿಯ ಸಾಹುಕಾರರು ಕೇಳಿದಾಗ ಅದೇ ಸುಳ್ಳಿಗೆ ತಲೆಯಾಡಿಸಿದೆ. ಆ ಕೆಲಸ ನಿನ್ನ ಕೈ ತಪ್ಪಿದ್ದು ನಿನ್ನಿಂದಲ್ಲ — ನಿನ್ನ ಅಕ್ಕನಿಂದ.

ಇಷ್ಟು ಹೇಳುವುದಕ್ಕೆ ಇಷ್ಟು ವರ್ಷ ಹಿಡಿಯಿತು. ನಾನು ಮೂರನೆಯ ಇಯತ್ತೆಗೇ ಶಾಲೆ ಬಿಟ್ಟವಳು, ಬರೆಯುವ ಕೈ ನಿಧಾನ. ಆದರೆ ತಡವಾದದ್ದು ಅದರಿಂದ ಅಲ್ಲ. ನಿನಗೆ ಗೊತ್ತಿರುವುದನ್ನೂ ಮತ್ತೆ ಹೇಳುತ್ತೇನೆ, ಬೇಸರಪಡಬೇಡ. ನಾನು ಕಂಡ ಹಾಗೆ ನೀನು ಅದನ್ನು ಕಂಡಿಲ್ಲ.

ಆಗ ಎಪ್ಪತ್ತರ ದಶಕ ಇನ್ನೂ ಹೊಸದು. ಮದುವೆಯಾಗಿ ಸಿರುಗುಪ್ಪಕ್ಕೆ ಬಂದಿದ್ದ ನಾನು ಅಕ್ಕಿ ಗಿರಣಿಯ ಕಣದಲ್ಲಿ ಭತ್ತ ಹರವುತ್ತಿದ್ದೆ. ನೀನು ತವರೂರು ಕುರುಗೋಡಿನಿಂದ ಬಂದು ನನ್ನ ಮನೆಯಲ್ಲೇ ಇದ್ದು ಅದೇ ಗಿರಣಿಗೆ ಸೇರಿದ್ದೆ. ಕುದಿಸಿದ ಭತ್ತವನ್ನು ಬೆಳಿಗ್ಗೆ ಕಣಕ್ಕೆ ಸುರಿದಾಗ ಏಳುತ್ತಿದ್ದ ಹಬೆ ನೆನಪಿದೆಯೇ? ಹೆಂಗಸರೆಲ್ಲ ಆ ಹಬೆಯೊಳಗೆ ಅರ್ಧ ಕಾಣುತ್ತಿದ್ದರು, ಅರ್ಧ ಕರಗುತ್ತಿದ್ದರು. ಕಾಲಿನಿಂದ ಭತ್ತದಲ್ಲಿ ಗೆರೆ ಎಳೆಯುತ್ತಾ ಹೋದರೆ ನೆಲದ ಮೇಲಲ್ಲ, ಯಾವುದೋ ಬೆಚ್ಚಗಿನ ನೀರಿನ ಮೇಲೆ ನಡೆದ ಹಾಗೆ — ನನಗಂತೂ ಹಾಗೆಯೇ ಅನ್ನಿಸುತ್ತಿತ್ತು.

ಸಾಹುಕಾರರು ಕಣಕ್ಕೊಬ್ಬ ಮೇಸ್ತ್ರಿಯನ್ನು ಹುಡುಕುತ್ತಿದ್ದರು. ಮೇಸ್ತ್ರಿಯಾಗಿ ನಿಂತವನಿಗೆ ಮುಂದೆ ಬಳ್ಳಾರಿಯಲ್ಲಿ ಹಾಕಲಿದ್ದ ಹೊಸ ಗಿರಣಿಯ ಮ್ಯಾನೇಜರ್ ಕೆಲಸ. ಕಾಲೇಜು ಓದಿದವರೂ ಬಂದು ಹೋದರು. ಸಾಹುಕಾರರ ಪದ್ಧತಿಯೇ ಬೇರೆ. ಬಂದವನನ್ನು ಅರ್ಧ ದಿನ ಕಣದಲ್ಲಿ ನಿಲ್ಲಿಸಿ, ಅವನು ಹೋದ ಮೇಲೆ ನಮ್ಮನ್ನು ಕೇಳುತ್ತಿದ್ದರು, “ಆ ಹುಡುಗ ನಿಮ್ಮ ಕೂಡ ಹೆಂಗ ಮಾತಾಡಿದ? ಹೆಸರು ಕೇಳಿದನೇನು? ನೀವು ಹೇಳಿದ್ದು ಕೇಳಿಸ್ಕೊಂಡನೇನು?”

“ಹೆಸರಾ? ಏಯ್, ಏಯ್ ಅಂದ್ನರಿ,” ಎಂದು ನನ್ನ ಜೊತೆ ಭತ್ತ ಹರವುತ್ತಿದ್ದ ನಿಂಗವ್ವ ಒಬ್ಬನನ್ನು ಒಂದೇ ಮಾತಿಗೆ ಬಳ್ಳಾರಿ ಬಸ್ಸು ಹತ್ತಿಸಿದ್ದಳು.

ನೀನು ನಿಂತ ದಿನ ಅದೇ ನಿಂಗವ್ವ ನಿನ್ನನ್ನು ಕೆಣಕಿದಳು. “ಏನೋ ಮೇಸ್ತ್ರಿ, ಮೀಸಿ ಇನ್ನಾ ಬಂದಿಲ್ಲ, ಹುಕುಂ ಆಗ್ಲೇ ಬಂದೈತಿ?”

“ಮೀಸಿ ಬರೂತನಕ ನೀನ ಹುಕುಂ ಮಾಡಬೇ, ನಾ ಕೇಳ್ತೀನಿ,” ಎಂದೆ ನೀನು. ಕಣವೆಲ್ಲ ನಕ್ಕಿತು. ಆ ನಗುವಿನಲ್ಲೇ ಕೆಲಸ ಸಾಗಿತು. ಇಬ್ಬರು ಜಗಳಕ್ಕೆ ನಿಂತರೆ ನೀನು ನಡುವೆ ಕೂತು ಇಬ್ಬರದೂ ಪೂರ್ತಿ ಕೇಳುತ್ತಿದ್ದೆ. ಯಾರ ಮಗುವಿಗೆ ಜ್ವರ, ಯಾರಿಗೆ ಸೊಂಟನೋವು, ಎಲ್ಲ ನಿನಗೆ ತಿಳಿದಿರುತ್ತಿತ್ತು. ನಿನ್ನ ದನಿ ಏರಿದ್ದನ್ನು ನಾನು ಕೇಳಲೇ ಇಲ್ಲ. ಸಾಹುಕಾರರು ಈ ಸುಗ್ಗಿಯ ಮಟ್ಟಿಗೆ ನಿನ್ನನ್ನೇ ಮೇಸ್ತ್ರಿ ಮಾಡಿ ನೋಡೋಣ ಎಂದರು. ಮೇಸ್ತ್ರಿಯ ಅಕ್ಕ ಎಂದು ನನ್ನ ನಡಿಗೆಯೂ ಬದಲಾಗಿತ್ತು — ಅದನ್ನೂ ಹೇಳಿಬಿಡುತ್ತೇನೆ.

ಅವತ್ತು ಯಂತ್ರದ ಪಟ್ಟಿ ಹರಿದು, ಹೊಸದನ್ನು ತರಲು ನೀನು ಬಳ್ಳಾರಿಗೆ ಹೋಗಬೇಕಾಯಿತು. ಹೋಗುವಾಗ ನನ್ನೊಬ್ಬಳಿಗೇ ಹೇಳಿದೆ, “ಅಕ್ಕಾ, ಹೊತ್ತು ನೆತ್ತಿಗೆ ಬರೂತ್ಲೆ ನೆಲ್ಲು ರಾಶಿ ಮಾಡ್ಸಿ ಮ್ಯಾಲ ಚೀಲ ಹೊದಿಸಿಬಿಡು. ಬಿಸಲು ಇಳಿದ ಮ್ಯಾಲ ಮತ್ತ ಹರವೂಣು.” ಹಾಗೆ ಮಾಡದಿದ್ದರೆ ಕಾಳು ಒಂದೇ ಸಮನೆ ಬಿಸಿಲು ಕುಡಿದು ಒಳಗೇ ಬಿರುಕು ಬಿಡುತ್ತದೆ, ಯಂತ್ರಕ್ಕೆ ಹಾಕಿದರೆ ಅಕ್ಕಿ ಬರುವುದಿಲ್ಲ, ನುಚ್ಚು ಬರುತ್ತದೆ. ಕಣದ ಹೆಂಗಸಿಗೆ ಇದು ಗೊತ್ತಿಲ್ಲದ್ದಲ್ಲ.

ಹೆಂಗಸರನ್ನು ಬುತ್ತಿಗೆ ಕಳಿಸಿದೆ. ಬೇಗನೆ ಬಂದುಬಿಡಿ ಎಂದೆ. ನಾನು ಬೇವಿನ ಬುಡಕ್ಕೆ ಒರಗಿದೆ, ಒಂದು ಗಳಿಗೆ ಅಂತ. ಕಾಲುವೆಯ ಕಡೆಯಿಂದ ತಂಪು ಗಾಳಿ. ಕಣ್ಣ ಮುಂದೆ ಭತ್ತದ ಹೊಂಬಣ್ಣ ಅಲುಗುತ್ತಾ ಅಲುಗುತ್ತಾ — ನಾನು ಕುರುಗೋಡಿನಲ್ಲಿದ್ದೆ. ನೀನು ನನ್ನ ಕಂಕುಳಲ್ಲಿ ಕೂಸು. ಗುಡ್ಡದ ಬಂಡೆಗಳೆಲ್ಲ ಹಗುರಾಗಿ, ಒಂದೊಂದಾಗಿ ಗಾಳಿಯಲ್ಲಿ ತೇಲಿ ಹೋಗುತ್ತಿದ್ದವು. ನೀನು ಕೈಚಾಚಿ ನಗುತ್ತಿದ್ದೆ. ಅಂಥ ಸುಖದ ನಿದ್ದೆ ನನಗೆ ಮತ್ತೆ ಬಂದಿಲ್ಲ.

ಎಚ್ಚರವಾದಾಗ ನೆರಳು ಬೇರೆ ಕಡೆಗೆ ಸರಿದಿತ್ತು. ಹೆಂಗಸರು ಬಂದು, ನಾನು ಮಲಗಿದ್ದನ್ನು ಕಂಡು, ಮೇಸ್ತ್ರಿಯ ಅಕ್ಕನನ್ನು ಎಬ್ಬಿಸುವುದು ಹೇಗೆ ಎಂದು ತಾವೂ ಅಡ್ಡಾಗಿದ್ದರು. ಒಂದು ಹಿಡಿ ಭತ್ತ ಎತ್ತಿದೆ. ಅಂಗೈ ಸುಟ್ಟಿತು. ಗಡಬಡಿಸಿ ರಾಶಿ ಮಾಡಿಸಿ, ಚೀಲ ಹೊದಿಸಿದೆವು. ನೋಡುವವರಿಗೆ ಎಲ್ಲ ಸರಿಯಾಗಿಯೇ ಇತ್ತು.

ನೀನು ಬಂದು ಕೇಳಿದೆ, “ಹೊತ್ತಿಗೆ ಮಾಡ್ಸಿದೇನಕ್ಕಾ?”

“ಮಾಡ್ಸೀನಿ.”

ಅಷ್ಟೇ. ಆಗ ಒಂದು ಮಾತು ನಿಜ ಹೇಳಿದ್ದರೆ ನೀನು ಆ ಭತ್ತವನ್ನು ಬೇರೆ ಇಡುತ್ತಿದ್ದೆ. ಸಾಹುಕಾರರಿಗೆ ನೀನೇ ಮೊದಲು ಹೋಗಿ ಹೇಳುತ್ತಿದ್ದೆ. ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ? ಆದರೆ ನೀನು ನನ್ನನ್ನು ನಂಬಿ, ಅದನ್ನು ಒಳ್ಳೆಯ ಭತ್ತದ ಜೊತೆಗೇ ಯಂತ್ರಕ್ಕೆ ಕಳಿಸಿದೆ.

ನುಚ್ಚು ಸುರಿಯಿತು. ಸಾಹುಕಾರರು ಕಣಕ್ಕೇ ಬಂದರು. ಬಾಯಲ್ಲಿ ಕಾಳು ಕಡಿದು ನೋಡಿ, “ಮಧ್ಯಾಹ್ನ ರಾಶಿ ಮಾಡಿಲ್ಲಪ ಇದನ್ನ,” ಎಂದರು.

“ಮಾಡೀವ್ರಿ ಸಾಹುಕಾರ್ರ. ಹೊತ್ತಿಗೆ ಸರಿಯಾಗಿ. ನಮ್ಮಕ್ಕನ ನಿಂತು ಮಾಡ್ಸ್ಯಾಳ.”

“ಇನ್ನೊಮ್ಮಿ ವಿಚಾರ ಮಾಡಿ ಹೇಳು.”

“ಅದರಾಗ ವಿಚಾರ ಏನೈತ್ರಿ? ಅಕ್ಕ ಹೇಳಿದ ಮ್ಯಾಲ ಮುಗೀತು.”

ಅವರು ನನ್ನ ಕಡೆ ತಿರುಗಿದರು. “ಹೌದೇನಮ್ಮಾ?”

ನಾನು ತಲೆಯಾಡಿಸಿದೆ. ಹೆಂಗಸರು ನೆಲ ನೋಡುತ್ತಿದ್ದರು, ನಿಂಗವ್ವ ಕೂಡ. ನನ್ನ ಮೇಲಿನ ಮರುಕಕ್ಕೋ, ತಮ್ಮ ಕೂಲಿಯ ಹೆದರಿಕೆಗೋ —

ಸಾಹುಕಾರರು ಕಡಿದ ಕಾಳನ್ನು ಉಗಿದು ನಿನ್ನ ಕಡೆ ತಿರುಗಿದರು. “ಕೆಲಸ ಕೆಟ್ಟಿದ್ದಕ್ಕ ನನಗ ಸಿಟ್ಟಿಲ್ಲ ತಮ್ಮಾ. ಕೆಟ್ಟಿದ್ದು ಕಣ್ಣಿಗೆ ಕಂಡ್ರೂ ಇಲ್ಲ ಅಂತ ಸಾಧಿಸ್ತಿ ನೋಡು, ಅದು ನನಗ ಸೇರಂಗಿಲ್ಲ. ನಾಳಿ ನಿನ್ನ ಕೈಯಾಗ ಗಿರಣಿ ಹೆಂಗ ಕೊಡ್ಲಿ?”

ಆಗಲೂ ಹೊತ್ತು ಮೀರಿರಲಿಲ್ಲ. ಒಂದು ಹೆಜ್ಜೆ ಮುಂದೆ ಬಂದು ‘ನಾನು ಮಲಗಿದ್ದೆ’ ಎನ್ನಬಹುದಿತ್ತು. ಕೂಲಿ ಹೋಗುತ್ತದೆ ಎಂಬ ಹೆದರಿಕೆಯಲ್ಲ, ಅದನ್ನು ನೆಪ ಮಾಡಿಕೊಳ್ಳುವುದಿಲ್ಲ. ನಿನ್ನ ಕಣ್ಣಲ್ಲಿ ನಾನು ಸಣ್ಣವಳಾಗಬಾರದು — ಅಷ್ಟಕ್ಕಾಗಿ ನಿನ್ನನ್ನು ಊರ ಕಣ್ಣಲ್ಲಿ ಸಣ್ಣವನನ್ನಾಗಿ ಮಾಡಿದೆ.

ನೀನು ಬಳ್ಳಾರಿಗೆ ಹೋದೆ. ಸತ್ಯನಾರಾಯಣಪೇಟೆಯ ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಕೆಲಸಕ್ಕೆ ನಿಂತೆ. ಅಂಗಡಿಯವರು ಒಮ್ಮೆ ನಿನಗೆ ಗೋದಾಮಿನ ಆಳುಗಳನ್ನು ನೋಡಿಕೋ ಎಂದರಂತೆ. ನೀನು ಒಲ್ಲೆ ಎಂದೆಯಂತೆ. ನಾನು ಬಂದಾಗ ಯಾಕೋ ಎಂದು ಕೇಳಿದರೆ, “ಆಳು ನಡಸೋದು ನನಗ ಬರಂಗಿಲ್ಲಕ್ಕಾ. ಅವತ್ತು ಕಾಳು ಕೆಟ್ಟಿದ್ದು ನನ್ನ ಕಣ್ಣಿಗೆ ಕಾಣಲೇ ಇಲ್ಲ ನೋಡು. ಬಿಸಲು ಜಾಸ್ತಿ ಇತ್ತೋ ಏನೋ, ನನಗ ತಿಳೀಲಿಲ್ಲ,” ಎಂದು ನಕ್ಕೆ. ನಿನಗೆ ನನ್ನ ಮೇಲೆ ಅನುಮಾನವೇ ಬಂದಿರಲಿಲ್ಲ. ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ನೀನು ನನ್ನನ್ನು ಬಿಟ್ಟು ನಿನ್ನನ್ನೇ ಅನುಮಾನಿಸಿಕೊಂಡೆ. ನೀನು ಕೊಟ್ಟ ಚಹಾ ಕುಡಿದು ನಾನು ಎದ್ದು ಬಂದೆ.

ಹೋದ ವಾರ ಸಾಹುಕಾರರ ಮನೆಗೆ ಹೋಗಿದ್ದೆ. ಈಗ ಹಾಸಿಗೆ ಹಿಡಿದಿದ್ದಾರೆ. ಎಲ್ಲ ಹೇಳಿದೆ. ಕಣ್ಣು ಮುಚ್ಚಿಕೊಂಡೇ ಕೇಳಿದರು. ನಿದ್ದೆ ಹೋದರೇನೋ ಅಂದುಕೊಂಡೆ. ಆಮೇಲೆ ಮೆಲ್ಲಗೆ, “ಅಂವಗ ಹೇಳಿದೇನು?” ಎಂದರು.

“ಇಲ್ರಿ.”

“ಮತ್ತ ನನ್ನ ಮುಂದ್ಯಾಕ ಹೇಳ್ತಿಯವ್ವಾ?”

ಅದಕ್ಕೇ ಬರೆಯಲು ಕೂತೆ. ಬರೆಯುತ್ತಾ ಇಲ್ಲಿಗೆ ಬಂದ ಮೇಲೆ ತಿಳಿಯಿತು, ಇದೂ ಒಂದು ತಪ್ಪಿಸಿಕೊಳ್ಳುವ ದಾರಿಯೇ. ನೀನು ಓದುವಾಗ ನಾನು ದೂರ ಕೂತಿರಬಹುದು. ಹಾಗಾಗಬಾರದು. ಈ ಕಾಗದವನ್ನು ಅಂಚೆಗೆ ಹಾಕದೆ, ನಿನ್ನ ಎದುರಿಗೆ ನಿಂತೇ ಹೇಳಬೇಕು. ನಾಳೆ ಬಳ್ಳಾರಿಗೆ ಬರುತ್ತೇನೆ. ಅಂಗಡಿಯ ಮಾಲೀಕರೂ ಆಳುಗಳೂ ಇರುವಾಗಲೇ ಬರುತ್ತೇನೆ. ನಿನ್ನ ಮೇಲೆ ತಪ್ಪು ಬಿದ್ದದ್ದು ನಾಲ್ಕು ಜನರ ಎದುರಿಗೆ. ಮಾತು ಮುಗಿಸಿ ಅಲ್ಲೇ ನಿಲ್ಲುತ್ತೇನೆ. ನೀನು ಬೈದರೂ, ಮುಖ ತಿರುಗಿಸಿದರೂ, ಹೋಗು ಎನ್ನುವ ತನಕ ಹೋಗುವುದಿಲ್ಲ.