ಜಪಾನಿ ಪತ್ರಿಕೆಗೆ ಚನ್ನರಾಯಪಟ್ಟಣದ ಬೆಲೆ

ಹೋದ ವಾರ ಹಾಸನದ ನನ್ನ ಪುಟ್ಟ ಅಂಗಡಿಯಲ್ಲಿ ಹಳೇ ಡಬ್ಬವೊಂದನ್ನು ಬಿಚ್ಚಿದೆ. ಒಳಗಿದ್ದದ್ದು ಜಪಾನಿ ಸಿನಿಮಾ ಪತ್ರಿಕೆಗಳು. ವಾಸನೆ ಮಾತ್ರ ಕೊಬ್ಬರಿಯದು. ತರ್ಕಕ್ಕೆ ಒಗ್ಗದ ಈ ಜೋಡಿಗೆ ಕಾರಣ ಒಬ್ಬರೇ... ಚನ್ನರಾಯಪಟ್ಟಣದ ಹಳೇ ಸಾಮಾನಿನ ಅಂಗಡಿ ಯಜಮಾನರು.

ರಜೆಯಲ್ಲಿ ಅವರ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದ ನಾನಾಗ ಕಾಲೇಜಿನ ಚರ್ಚಾ ತಂಡದಲ್ಲಿದ್ದೆ. ಯಾರು ಏನಂದರೂ ಮೊದಲು ಅಲ್ಲಗಳೆದು, ಆಮೇಲೆ ಯೋಚಿಸುತ್ತಿದ್ದೆ. ಅವರು ಕೊಬ್ಬರಿ ವ್ಯಾಪಾರ ಬಿಟ್ಟು ಹಳೇ ಸಾಮಾನಿಗೆ ಇಳಿದಿದ್ದರು. ಹಿಂದೆ ತರಬೇತಿಗೆಂದು ಜಪಾನಿಗೆ ಹೋಗಿಬಂದಿದ್ದ ಎಂಜಿನಿಯರೊಬ್ಬರ ಹೊಳೆನರಸೀಪುರದ ಮನೆಯಿಂದ ಈ ಪತ್ರಿಕೆಗಳನ್ನೂ ಸಿನಿಮಾ ಕ್ಯಾಸೆಟ್ಟುಗಳನ್ನೂ ಒಟ್ಟಿಗೆ ಕೊಂಡು ತಂದಿದ್ದರು. ಓದಲು ಬಾರದ ಕಾಗದಕ್ಕೆ ದುಡ್ಡು ಸುರಿದರೆಂದು ಮಾರ್ಕೆಟ್ಟಿಗೆ ಮಾರ್ಕೆಟ್ಟೇ ನಗುತ್ತಿತ್ತು. ಒಳ್ಳೇ ಬೆಲೆಗೆ ಮಾರಿ ಆ ನಗು ನಿಲ್ಲಿಸಬೇಕೆಂಬುದೇ ಅವರ ಹಟ.

ಬೆಲೆ ಕಟ್ಟುವ ರೀತಿ ಮಾತ್ರ ಕೊಬ್ಬರಿಯದೇ. ಕ್ಯಾಸೆಟ್ಟನ್ನು ಬಿಸಿಲಿಗೆ ಹಿಡಿದು ನೋಡುವರು. ಟೇಪಿಗೆ ಬೂಷ್ಟು ಬಂದಿದ್ದರೆ ಬೇರೆ ಗುಡ್ಡೆಗೆ. ಪತ್ರಿಕೆಗಳ ಮೇಲೆ, ಮೂಟೆಗೆ ಗುರುತು ಹಾಕಿದ ಹಾಗೆ, ದಪ್ಪ ಮಸಿಯಲ್ಲಿ ಬೆಲೆ... ಅಂದ ಕೆಡಬಾರದೆಂದು ಹಿಂಬದಿಯಲ್ಲಿ.

ಒಂದನ್ನು ತಿರುವಿಹಾಕುತ್ತಿದ್ದ ನನಗೆ ಅನುಮಾನ ಬಂತು. ಪುಟದ ಸಂಖ್ಯೆ ಇಳಿಯುತ್ತಾ ಹೋಗಿ ಕೊನೆಯಲ್ಲಿ ಒಂದಕ್ಕೆ ನಿಂತಿತು. ಜಪಾನಿಯರು ಪುಸ್ತಕ ತೆರೆಯುವುದು ಬಲಗಡೆಯಿಂದ. ನಾವು ಹಿಂಬದಿ ಅಂದುಕೊಂಡದ್ದೇ ಮುಖಪುಟ. ಅಷ್ಟೂ ನಟಿಯರ ಹಣೆಯ ಮೇಲೆ ಕನ್ನಡ ಅಂಕಿ ಮೆರೆಯುತ್ತಿತ್ತು. ಯಜಮಾನರು ಜೋಪಾನ ಮಾಡಿದ್ದು ಸೋಪಿನ ಜಾಹೀರಾತನ್ನು.

ಸ್ಪರ್ಧೆಯಲ್ಲಿ ನಿಂತವಳಂತೆ ಎಲ್ಲವನ್ನೂ ಸಾಬೀತು ಮಾಡಿದೆ. ಯಜಮಾನರು ಪತ್ರಿಕೆಯನ್ನು ಹಿಂದೆಮುಂದೆ ತಿರುಗಿಸಿ ನೋಡಿ, "ಅಂಗಾರೆ ತಪ್ಪು ಅವರದು ಕಣವ್ವಾ. ಉಲ್ಟಾ ಓದೋರು ಮೊದಲೇ ಯೋಳ್ಬೇಕು" ಅಂದರು.

ಅಷ್ಟರಲ್ಲೇ ಬೆಂಗಳೂರಿನ ವ್ಯಾಪಾರಿಯೊಬ್ಬ, ನಾನು ಕಳಿಸಿದ್ದ ಒಳಪುಟಗಳ ಫೋಟೊ ನೋಡಿ, ಪೂರ್ತಿ ಕೊಳ್ಳುತ್ತೇನೆಂದ. ಅವನು ಕೇಳದೇ ಇದ್ದ ಮಸಿಯ ವಿಷಯವನ್ನು ನಾವಾಗಿ ಒಪ್ಪಿಕೊಳ್ಳುವುದು ಬೇಡ ಎಂದು ವಾದಿಸಿದೆ. ಯಜಮಾನರು ಫೋನು ಕಿತ್ತುಕೊಂಡು, "ಸಾ, ಮುಂದ್ಗಡೆ ಮಸಿ ಬಳಿದ್ಬುಟ್ಟಿವ್ನಿ, ನೋಡ್ಕಂಡು ತಗಳಿ" ಅಂದೇಬಿಟ್ಟರು. ಆತ ಫೋನಿಟ್ಟ. ನಾನು ರೇಗಿದೆ.

"ನಿನ್ನ ಚರ್ಚೇಲಿ ಅದು ನಡೀತದೆ. ಮಾರ್ಕೆಟ್ನಲ್ಲಿ ಬೂಷ್ಟು ಹಿಡಿದಿದ್ದ ಕೊಬ್ಬರೀನ ಮೂಟೆ ಬಾಯಲ್ಲೇ ತೋರಿಸ್ತಿದ್ದೆ ನಾನು. ನಗೋರು ನಗ್ಲಿ, ತಗಳೋರು ಎಲ್ಲೋ ಅವ್ರೆ" ಅಂದರು.

ಮಾರ್ಕೆಟ್ಟಿನ ನಗು ಇನ್ನೂ ಜೋರಾಯಿತು... ಮುಂದೆ ನಾವಿಬ್ಬರೂ ಬಿಡಿಬಿಡಿಯಾಗಿ ಮಾರಿದೆವು, ಪ್ರತಿಯೊಂದರ ಬೆಲೆಗೂ ಜಗಳವಾಡುತ್ತಾ. ಆ ಜಗಳದಲ್ಲೇ ನಾನು ಈ ಕಸುಬು ಕಲಿತೆ. ಹೋದ ವರ್ಷ ಅವರು ತೀರಿಕೊಂಡರು. ಮಾರದೆ ಉಳಿದದ್ದು ನನ್ನ ಅಂಗಡಿಗೆ ಬಂತು.

ಡಬ್ಬ ಬಿಚ್ಚಿದ ದಿನವೇ ಅರಕಲಗೂಡಿನ ಡ್ರಾಯಿಂಗ್ ಟೀಚರೊಬ್ಬರು ಬಂದರು. ಮಸಿಯನ್ನು ಮೊದಲೇ ತೋರಿಸಿದೆ. ಆಕೆ ಅರ್ಧ ಗಂಟೆ ಚೌಕಾಸಿ ಮಾಡಿದರು, ನಾನು ಬಗ್ಗಲಿಲ್ಲ. ಕೊನೆಗೆ ಯಜಮಾನರು ಬರೆದಿದ್ದ ಬೆಲೆಯನ್ನೇ ಕೊಟ್ಟು ಅಷ್ಟನ್ನೂ ಒಯ್ದರು. ಹೇಳೋಣವೆಂದರೆ ಯಜಮಾನರಿಲ್ಲ...

ತಡೆಯಲಾಗಲಿಲ್ಲ. ಮಾರನೇ ದಿನ ಬಸ್ಸು ಹತ್ತಿ ಚನ್ನರಾಯಪಟ್ಟಣಕ್ಕೆ ಹೋದೆ. ಅಂದು ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಕೊಬ್ಬರಿ ಸಾಹುಕಾರರ ಎದುರು ಕೂತು, ಎಷ್ಟಕ್ಕೆ ಹೋಯಿತೆಂದು ಹೇಳಿದೆ. ಅವರು ತಕ್ಕಡಿ ಬಿಟ್ಟು ನನ್ನನ್ನೇ ನೋಡಿದರು.

"ನಮ್ಮ ಅಟ್ಟದಲ್ಲೂ ಹಳೇ ಸಿನಿಮಾ ಕ್ಯಾಸೆಟ್ ಅವೆ ಕಣವ್ವಾ," ಅಂದರು, ದನಿ ತಗ್ಗಿಸಿ. "ಬಂದು ಒಂಚೂರು ನೋಡ್ತೀಯಾ?"