ಲೇಗೋಸಿನ ಭಾವ ನೋಡಿಕೊಂಡ ಕಾರು

ಮೊನ್ನೆ ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್‌ನ ನಮ್ಮ ಆಫೀಸಿನ ಕಾರ್ ಪಾರ್ಕಿನಲ್ಲಿ ಯಾರದೋ ಕಾರಿನ ಬಾನೆಟ್ಟಿನಿಂದ ಬುಸುಬುಸು ಹಬೆ ಏಳುತ್ತಿತ್ತು. ಅದರ ಯಜಮಾನ ಟೈ ಸಡಿಲಿಸಿಕೊಂಡು ಪಕ್ಕದಲ್ಲಿ ನಿಂತಿದ್ದ. ಊಟದ ಡಬ್ಬಿ ಹಿಡಿದು ಹೋಗುತ್ತಿದ್ದ ನನಗೆ ಆ ವಾಸನೆ ಬಡಿದು ಕಾಲು ಅಲ್ಲೇ ನಿಂತಿತು. ಎಂಜಿನ್ ತಣ್ಣಗಿಡಲು ಹಾಕುವ ಕೂಲಂಟ್ ಕಾದ ವಾಸನೆ. ಬೆಲ್ಲದ ಪಾಕ ಸ್ವಲ್ಪ ತಳ ಹಿಡಿದರೆ ಬರುತ್ತದಲ್ಲ, ಹಾಗೆ. ನನಗೆ ಕಾರಿನ ವಿಷಯದ ಗಂಧಗಾಳಿ ಇಲ್ಲ. ಗೊತ್ತಿರುವುದು ಇದೊಂದೇ. ಅದನ್ನು ಕಲಿಸಿದವರನ್ನು ನಾನು ಒಂದು ದಿನವೂ ಎದುರಿಗೆ ನೋಡಲಿಲ್ಲ.

ಆಗ ನಾವು ಅಡಿಲೇಡಿನ ಸ್ಯಾಲಿಸ್‌ಬರಿಯಲ್ಲಿದ್ದೆವು. ನನ್ನ ಗಂಡನಿಗೆ ಆಸ್ಪತ್ರೆಯಲ್ಲಿ ಡಾಕ್ಟರ್ ಕೆಲಸ. ಒಂದೇ ಡ್ರೈವ್‌ವೇ ಹಂಚಿಕೊಂಡ ಎರಡು ಬಾಡಿಗೆ ಮನೆಗಳಲ್ಲಿ ಒಂದು ನಮ್ಮದು. ಇನ್ನೊಂದರಲ್ಲಿ ನೈಜೀರಿಯಾದಿಂದ ಬಂದ ಒಬ್ಬ ಹೆಂಗಸು ಒಬ್ಬಳೇ ಇದ್ದಳು. ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಹೋಮ್‌ನಲ್ಲಿ ನರ್ಸ್. ಮೊದಮೊದಲು ನಮ್ಮಿಬ್ಬರ ನಡುವೆ ಹಲೋ ಬಿಟ್ಟರೆ ಮಾತಿರಲಿಲ್ಲ.

ನಾನು ಉಡುಪಿ ಕಡೆಯವಳಾದರೂ ಬೆಳೆದದ್ದು, ಕಾರು ಕಲಿತದ್ದು ಕುವೈತ್‌ನಲ್ಲಿ. ಅಲ್ಲಿ ಸ್ಟಿಯರಿಂಗ್ ಎಡಗಡೆ. ಆಸ್ಟ್ರೇಲಿಯಾಕ್ಕೆ ಬಂದ ಮೇಲೂ ಅವಸರದಲ್ಲಿದ್ದರೆ ಎಡಗಡೆಯ ಬಾಗಿಲು ತೆಗೆದು ಕೂತುಬಿಡುತ್ತಿದ್ದೆ. ಒಂದು ಬೆಳಗ್ಗೆ ಹಾಗೇ ಕೂತು, ಎದುರಿಗೆ ಸ್ಟಿಯರಿಂಗ್ ಇಲ್ಲದ್ದನ್ನು ಕಂಡು, ಬ್ಯಾಗ್ ಇಡಲೆಂದೇ ಬಂದವಳಂತೆ ನಟಿಸಿ ಆಚೀಚೆ ನೋಡಿದೆ. ಆಚೆ ಕಡೆ ಅವಳೂ ಯಾರದ್ದೋ ಕೇಳಿ ತಂದ ಪುಟ್ಟ ಕಾರಿನ ಎಡಸೀಟಿನಲ್ಲಿ ಕೂತು ವ್ಯಾನಿಟಿ ಬ್ಯಾಗಿನಲ್ಲಿ ಏನೋ ಹುಡುಕುವ ನಾಟಕ ಆಡುತ್ತಿದ್ದಳು. ನೈಜೀರಿಯಾದಲ್ಲೂ ಸ್ಟಿಯರಿಂಗ್ ಎಡಕ್ಕೇ ಅಂತೆ. ಕಣ್ಣಿಗೆ ಕಣ್ಣು ಸೇರಿತು. ಅವಳೇ ಮೊದಲು ನಕ್ಕಳು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎನ್ನುತ್ತಾರೆ. ಅಂದಿನಿಂದ ಆ ದಾರಿಯಲ್ಲಿ ನಾವು ಇಬ್ಬರಾದೆವು.

ಅವಳು ನನ್ನನ್ನು ‘ಮೈ ಸಿಸ್ಟರ್’ ಎಂದಳು. ನನಗಿಂತ ದೊಡ್ಡವಳು, ಹಾಗಾಗಿ ನಾನು ‘ಅಕ್ಕ’ ಎಂದೆ. ಲೇಗೋಸಿನಲ್ಲಿದ್ದ ಅವಳ ಗಂಡ ಅಲ್ಲಿಗೆ ತಾನಾಗಿ ಭಾವನಾದರು. ಫೋನಿನಲ್ಲಿ ಅರ್ಥ ಹೇಳಿಕೊಟ್ಟಾಗ ಅವರು ‘ಬಾವಾ, ಬಾವಾ’ ಎಂದು ಎರಡು ಸಲ ಹೇಳಿ ನೋಡಿ, “ಚೆನ್ನಾಗಿದೆ, ಇದು ನನಗಿರಲಿ” ಎಂದರು. ಅವರಿಬ್ಬರೂ ಆಡುತ್ತಿದ್ದದ್ದು ಇಂಗ್ಲಿಷ್. ನನ್ನ ಕಿವಿಯಲ್ಲಿ ಮಾತ್ರ ಅದು ಕನ್ನಡವಾಗಿಯೇ ಉಳಿದಿದೆ, ಹಾಗೇ ಬರೆಯುತ್ತಿದ್ದೇನೆ.

ಭಾವ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಅಕ್ಕ ಮುಂದಾಗಿ ಬಂದಿದ್ದಳು, ಭಾವನ ವೀಸಾಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದಳು. ಅವರು ಬರುವ ಹೊತ್ತಿಗೆ ಮನೆಮುಂದೆ ಅವರಿಗೊಂದು ಕಾರು ನಿಂತಿರಬೇಕು, ಏರ್‌ಪೋರ್ಟಿನಿಂದ ಮನೆಗೆ ಅವರೇ ಓಡಿಸಿಕೊಂಡು ಬರಬೇಕು ಎಂಬುದು ಅವಳ ಹಟ. ನನ್ನ ಗಂಡ ಕೇಳಿ ನಕ್ಕರು. “ಕೂಸು ಹುಟ್ಟೋ ಮೊದ್ಲೇ ಕುಲಾವಿ ಹೊಲಿಸ್ತಿದ್ದಾಳಲ್ಲ ಮಾರಾಯ್ತಿ. ವೀಸಾ ಬರ್ಲಿ ಅನ್ನು.” ಕುಲಾವಿ ಹೊಲಿಯುವವರಿಗೆ ಕೂಸಿನ ಆಸೆ ಎಷ್ಟಿರುತ್ತದೆ ಎಂಬುದು ಗಂಡಸರಿಗೆ ಹೇಳಿ ಅರ್ಥವಾಗುವುದಲ್ಲ.

ಕಾರು ಹುಡುಕಲು ಹೋದದ್ದು ನಾವಿಬ್ಬರು, ಆರಿಸಿದ್ದು ಭಾವ. ಹಳೆಯ ಕಾರು ಮಾರುವ ಯಾರ್ಡುಗಳಲ್ಲಿ ಅಕ್ಕ ವಿಡಿಯೋ ಕಾಲ್ ಹಚ್ಚಿ ಫೋನನ್ನು ಎತ್ತಿ ಹಿಡಿಯುತ್ತಿದ್ದಳು. ಭಾವ ಕಾರ್ಪೆಟ್ ಎತ್ತಿಸಿ ಕೆಳಗೆ ಕೆಸರಿನ ಗುರುತಿದೆಯಾ ನೋಡುತ್ತಿದ್ದರು, ನೆರೆನೀರಲ್ಲಿ ಮುಳುಗಿದ ಗಾಡಿಯನ್ನು ಒರೆಸಿ ಮಾರುವವರನ್ನು ಅವರು ಬಹಳ ಕಂಡಿದ್ದರಂತೆ. ಸೈಲೆನ್ಸರಿನ ಹಿಂದೆ ಅಂಗೈ ಹಿಡಿ ಎನ್ನುತ್ತಿದ್ದರು. ನನ್ನ ಅಂಗೈ ಕಪ್ಪಾದರೆ ಮುಂದಿನ ಕಾರು. ಯಾರ್ಡಿನವನು ಒಂದು ಹೊಳೆಯುವ ಯುರೋಪಿನ ಕಾರು ತೋರಿಸಿದಾಗ ನನಗೇನೋ ಬಹಳ ಹಿಡಿಸಿತು. ಭಾವ ಮಾತ್ರ, “ಆ ಗಾಡಿ ಮದುವೆಗೆ ಹೋಗೋಕೆ ಸರಿ, ವಾಪಸ್ ಬರೋಕಲ್ಲ” ಎಂದುಬಿಟ್ಟರು. ಅವರಪ್ಪ ಒಂದು ಕಾಲದಲ್ಲಿ ಫ್ರೆಂಚ್ ಕಾರು ಇಟ್ಟಿದ್ದರಂತೆ, ಆ ಊರಲ್ಲಿ ಅದೇ ದೊಡ್ಡಸ್ತಿಕೆಯ ಗುರುತಾಗಿತ್ತಂತೆ. ಈಗ ಅವರಿಗೆ ಬೇಕಾದದ್ದು ಟೊಯೋಟಾ ಒಂದೇ. ಯಾವ ಬೀದಿಯ ಮೂಲೆಯಲ್ಲಿ ಕೆಟ್ಟು ನಿಂತರೂ ಅದರ ಪಾರ್ಟು ಸಿಗುತ್ತದೆ, ರಿಪೇರಿ ಗೊತ್ತಿರುವವನೊಬ್ಬ ಎದ್ದು ಬರುತ್ತಾನೆ ಎನ್ನುತ್ತಿದ್ದರು. ಸ್ಯಾಲಿಸ್‌ಬರಿಯ ಬೀದಿಯಲ್ಲಿ ಹಾಗೆ ಯಾರೂ ಎದ್ದು ಬರುವುದಿಲ್ಲ ಎಂದು ನಾನು ಹೇಳಲು ಹೋಗಲಿಲ್ಲ.

ಕೊನೆಗೆ ಸಿಕ್ಕಿದ್ದು ಬೆಳ್ಳಿ ಬಣ್ಣದ ಹಳೆಯ ಟೊಯೋಟಾ ಕ್ಯಾಮ್ರಿ. ಪರದೆಯ ಮೇಲೆ ಅದರ ಮುಖ ಕಂಡದ್ದೇ ಭಾವ, “ಬಿಗ್ ಡ್ಯಾಡಿ” ಎಂದು ಕೂಗಿದರು. ಅವರ ಕಡೆ ಒಂದೊಂದು ಕಾಲದ ಮಾಡೆಲ್ಲಿಗೂ ಜನ ಇಟ್ಟ ಅಡ್ಡಹೆಸರು ಇರುತ್ತದಂತೆ, ಇದರದ್ದು ಬಿಗ್ ಡ್ಯಾಡಿ. ಹೊಸ ಗಾಡಿ ಬಂದರೆ ನೆಂಟರಿಷ್ಟರನ್ನು ಕರೆದು ಉಣಿಸಿ ಕುಡಿಸುವ ರೂಢಿಯೂ ಅವರಲ್ಲಿದೆ. ಅಕ್ಕ ಅದನ್ನು ಮಾಡಲಿಲ್ಲ. ಯಜಮಾನರು ಬರಲಿ, ಆಮೇಲೆ ಎಂದಳು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಭಾನುವಾರದ ಸೇವೆ. ಅಕ್ಕ ಚರ್ಚಿನಿಂದ ಬಂದು ಊಟ ಮಾಡಿ ಸ್ವಲ್ಪ ಅಡ್ಡಾಗಿ ಎದ್ದರೆ ಲೇಗೋಸಿನಲ್ಲಿ ಬೆಳಗಾಗಿರುತ್ತಿತ್ತು. “ಮಮ್ಮಿ, ದ ಕಾರ್ ಅಂಕಲ್ ಈಸ್ ಕಾಲಿಂಗ್” ಎಂದು ನನ್ನ ಮಗಳು ಕೂಗುತ್ತಿದ್ದಳು. ಅಕ್ಕ ಎಂಜಿನ್ ಸ್ಟಾರ್ಟ್ ಮಾಡುವುದು, ನಾನು ತೆರೆದ ಬಾನೆಟ್ಟಿನೊಳಗೆ ಫೋನ್ ಹಿಡಿದು ನಿಲ್ಲುವುದು, ಭಾವ ಆ ತುದಿಯಲ್ಲಿ ಕಣ್ಣು ಮುಚ್ಚಿ ಕೇಳುವುದು. ಸಂಗೀತ ಕೇಳುವವರೂ ಅಷ್ಟು ಗಂಭೀರವಾಗಿ ಕೇಳುವುದಿಲ್ಲ. ಆಮೇಲೆ ತೀರ್ಪು ಬರುತ್ತಿತ್ತು. “ಚೆನ್ನಾಗಿದ್ದಾನೆ. ಮುಚ್ಚಿ.” ಅವರು ಮುಚ್ಚಿ ಎನ್ನುವವರೆಗೆ ಬಾನೆಟ್ ಮುಚ್ಚುವ ಹಾಗಿಲ್ಲ. ಬಿಸಿಲಲ್ಲಿ ನಿಂತು ನನಗೆ ಎಷ್ಟೋ ಸಲ ರೇಗುತ್ತಿತ್ತು, ರೇಗಿದ್ದನ್ನು ಹೇಳಿಯೂ ಇದ್ದೇನೆ. ಅವರು ನಕ್ಕು, “ಇನ್ನೊಂದು ನಿಮಿಷ ಸಿಸ್ಟರ್, ನಾನು ಬಂದ ಮೇಲೆ ನಿಮ್ಮ ಕಾರನ್ನೂ ನಾನೇ ನೋಡ್ಕೋತೀನಿ” ಎನ್ನುತ್ತಿದ್ದರು.

ಒಂದು ಭಾನುವಾರ ವಿಡಿಯೋದಲ್ಲಿ ಏನೂ ಕಾಣದೆ ಭಾವ ನನ್ನ ಮೂಗಿಗೇ ಕೆಲಸ ಹಚ್ಚಿದರು. ಬಗ್ಗಿ ಮೂಸಿ, ಬೆಲ್ಲ ಕಾಯಿಸಿದ ಹಾಗಿದೆ ಎಂದೆ. ಬೆಲ್ಲ ಎಂದರೇನೆಂದು ಕೇಳಿದರು. ಸಿಹಿ, ಎಂದೆ. “ಹಾಗಾದ್ರೆ ಕೂಲಂಟ್. ಯಾವುದೋ ಪೈಪಿನ ಕ್ಲಾಂಪ್ ಸಡಿಲಾಗಿದೆ.” ಹಾಗೇ ಇತ್ತು. ಆ ದಿನ ನನಗೂ ಸ್ವಲ್ಪ ಜಂಬ ಬಂದದ್ದು ಸುಳ್ಳಲ್ಲ.

ಸರ್ವಿಸಿಗೆ ಬಿಟ್ಟ ದಿನದ್ದು ಬೇರೆಯೇ ಕತೆ. ಲೇಗೋಸಿನಲ್ಲಿ ಕಾರನ್ನು ಮೆಕ್ಯಾನಿಕ್ ಕೈಗೆ ಕೊಟ್ಟು ಮನೆಗೆ ಹೋಗುವವನು ಪೆದ್ದ. ಪಕ್ಕದಲ್ಲೇ ನಿಂತಿರಬೇಕು, ಇಲ್ಲದಿದ್ದರೆ ಒಳ್ಳೆಯ ಪಾರ್ಟು ಹೋಗಿ ಹಳೆಯದು ಕೂತಿರುತ್ತದೆ. ಅಕ್ಕ ಇಲ್ಲಿಯೂ ಹಾಗೇ ಫೋನ್ ಎತ್ತಿ ಹಿಡಿದು ಸೀದಾ ಗ್ಯಾರೇಜಿನ ಒಳಗೆ ನಡೆದಳು. ಮೆಕ್ಯಾನಿಕ್ ನೆಲದ ಮೇಲಿನ ಹಳದಿ ಗೆರೆ ತೋರಿಸಿ, ಇದರಿಂದ ಆಚೆ ಬರುವ ಹಾಗಿಲ್ಲ, ಒಳಗೆ ಕಾಫಿ ಇದೆ ಕೂತಿರಿ ಎಂದ. “ನನ್ನ ಗಂಡನಿಗೆ ಕಾಣಿಸ್ಬೇಕು” ಎಂದಳು ಅಕ್ಕ. ಗಂಡ ಎಲ್ಲಿದ್ದಾರೆ ಎಂದು ಅವನು ಕೇಳಿದ. ಅವಳು ಫೋನನ್ನು ಅವನ ಕಡೆ ತಿರುಗಿಸಿದಳು, ಭಾವ ಒಳಗಿನಿಂದ ಕೈಬೀಸಿದರು. ಆಯಿಲ್ ಬದಲಿಸಿದ ಮೇಲೆ ಅವನು ಹಳೆಯ ಫಿಲ್ಟರನ್ನು ಗೆರೆಯವರೆಗೆ ತಂದು ತಿರುಗಿಸಿ ತಿರುಗಿಸಿ ತೋರಿಸಿದ. ಭಾವನಿಗೆ ಸಮಾಧಾನವಾಯಿತು.

ಇಷ್ಟೆಲ್ಲ ಆದರೂ ವೀಸಾ ಬರಲಿಲ್ಲ. ಒಮ್ಮೆ ಇನ್ನೊಂದು ಕಾಗದ ಕೇಳಿದರು, ಆಮೇಲೆ ಪರಿಶೀಲನೆಯಲ್ಲಿದೆ ಎಂದರು, ಆಮೇಲೆ ಅದೇ ಮಾತು… ಬೇಸಿಗೆ ಹೋಗಿ ಚಳಿ ಬಂತು, ಚಳಿ ಹೋಗಿ ಮತ್ತೆ ಬೇಸಿಗೆ. ಅಕ್ಕ ಇಮೇಲ್ ನೋಡುವುದು, ನಾನು ಅವಳ ಮುಖ ನೋಡುವುದು. ಯಾರ ಹತ್ತಿರ ಜಗಳವಾಡಲಿ? ಎದುರಿಗೆ ಒಂದು ಮುಖವಾದರೂ ಬೇಕಲ್ಲ.

ಆಮೇಲೆ ಒಂದು ಮಧ್ಯಾಹ್ನ ಅಕ್ಕ ಚಪ್ಪಲಿಯಿಲ್ಲದೆ ನಮ್ಮ ಮನೆಗೆ ಬಂದಳು. ಭಾವ ಶಾಲೆಗೆ ಹೊರಟವರು ಬಾಗಿಲಲ್ಲೇ ಕುಸಿದಿದ್ದರು. ಮೆದುಳಿನಲ್ಲಿ ರಕ್ತಸ್ರಾವ. ಸ್ವಲ್ಪ ಹೊತ್ತಿನಲ್ಲಿ ಅಕ್ಕನ ನಾದಿನಿ ಅಲ್ಲಿನ ಆಸ್ಪತ್ರೆಯಿಂದ ಸ್ಕ್ಯಾನಿನ ಫೋಟೋ ಕಳಿಸಿದಳು. ನನ್ನ ಗಂಡ ಅದನ್ನು ದೊಡ್ಡದು ಮಾಡಿ ನೋಡಿದರು, ಚಿಕ್ಕದು ಮಾಡಿ ನೋಡಿದರು. ಅಲ್ಲಿನ ಡಾಕ್ಟರಿಗೆ ಫೋನ್ ಮಾಡಿ ಮಾತಾಡಿದರು. ಅಡುಗೆಮನೆಗೆ ಬಂದು ನನ್ನೊಬ್ಬಳಿಗೇ ಹೇಳಿದರು. “ಅವ್ರು ಮಾಡ್ಬೇಕಾದ್ದೆಲ್ಲ ಮಾಡ್ತಿದ್ದಾರೆ. ನಾನು ಅಲ್ಲಿದ್ರೂ ಅದನ್ನೇ ಮಾಡ್ತಿದ್ದೆ. ಎಂತ ಮಾಡ್ಲಿ ಹೇಳು.” ಡಾಕ್ಟರ ಹೆಂಡತಿಯಾಗಿ ಆ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಅಂದು ಮಾತ್ರ ಅವರ ಮೇಲೆ ಸಿಟ್ಟು ಬಂತು. ಪಾಪ, ಅವರದೇನು ತಪ್ಪು?

ಟಿಕೆಟ್ ಸಿಕ್ಕಿದ್ದು ಮರುದಿನ ಬೆಳಗ್ಗೆಗೆ. ಅಂದು ರಾತ್ರಿ ಅಕ್ಕ ಸೂಟ್‌ಕೇಸ್ ಕಟ್ಟಿಟ್ಟು ಕಾರಿನ ಕೀಲಿ ತಂದಳು. “ಭಾನುವಾರ ಅಲ್ಲ, ಗೊತ್ತು. ಆದ್ರೂ ಅವರಿಗೆ ಕೇಳಿಸೋಣ” ಎಂದಳು. ಕೇಳಿಸುತ್ತದೋ ಇಲ್ಲವೋ ಎಂದು ನಾನು ನನ್ನ ಗಂಡನನ್ನು ಕೇಳಲಿಲ್ಲ. ಆ ತುದಿಯಲ್ಲಿ ನಾದಿನಿ ಫೋನನ್ನು ಭಾವನ ಕಿವಿಗೆ ಹಿಡಿದಳು, ಈ ತುದಿಯಲ್ಲಿ ನಾನು ಎಂಜಿನ್ನಿಗೆ. ಅಕ್ಕ ಸ್ಟಾರ್ಟ್ ಮಾಡಿ ಇಳಿದು ಬಂದು ನನ್ನ ಪಕ್ಕ ನಿಂತಳು. ಎಂಜಿನ್ ಒಂದೇ ಸಮನೆ ಓಡುತ್ತಿತ್ತು, ನನ್ನ ಕಿವಿಗೂ ತಿಳಿಯುವಷ್ಟು ಚೆನ್ನಾಗಿ. ನಾವು ಕಾದೆವು. ಕಣ್ಣು ತೆರೆದಿದ್ದಾನೆ, ಎಂದಳು ನಾದಿನಿ. ಮತ್ತೆ ಕಾದೆವು… ಬಾನೆಟ್ ಮುಚ್ಚು ಎಂದು ಯಾರೂ ಹೇಳಲಿಲ್ಲ, ಮುಚ್ಚಲು ನಮ್ಮಿಬ್ಬರಿಗೂ ಕೈಬರಲಿಲ್ಲ. ಕೊನೆಗೆ ನನ್ನ ಗಂಡ ಹೊರಗೆ ಬಂದು ಎಂಜಿನ್ ಆಫ್ ಮಾಡಿದರು.

ಅಕ್ಕ ವಿಮಾನದಲ್ಲಿರುವಾಗಲೇ ಭಾವ ಹೋದರು. ದಾರಿಯಲ್ಲಿ ವಿಮಾನ ಬದಲಿಸುವ ಊರಿನಿಂದ ಅವಳು ನನಗೆ ಫೋನ್ ಮಾಡಿದಳು. ಹಿಂದಿನಿಂದ ಯಾವುದೋ ವಿಮಾನಕ್ಕೆ ಪ್ರಯಾಣಿಕರನ್ನು ಕರೆಯುತ್ತಿದ್ದದ್ದು ಕೇಳುತ್ತಿತ್ತು.

ಮಣ್ಣು ಮಾಡಿ ತಿಂಗಳು ಕಳೆದು ಬಂದವಳು ಸ್ಯಾಲಿಸ್‌ಬರಿಯಲ್ಲಿ ಇರಲಾರೆ ಎಂದಳು. ಪರ್ತ್‌ನಲ್ಲಿ ದೊಡ್ಡಮ್ಮನ ಮಗಳಿದ್ದಳು, ಅಲ್ಲೇ ಕೆಲಸ ಹುಡುಕಿದಳು. ಕಾರು ಅಷ್ಟು ದೂರ ಬರುವುದಿಲ್ಲ ಎಂದಳು. ಬರುತ್ತಿತ್ತು, ನಮಗಿಬ್ಬರಿಗೂ ಗೊತ್ತಿತ್ತು.

ಮಾರಲಿಟ್ಟ ಕಾರು ನೋಡಲು ಬಂದದ್ದು ಅಕ್ಕನ ಊರಿನ ಕಡೆಯದೇ ಒಂದು ಹೊಸ ಜೋಡಿ, ಚರ್ಚಿನ ಪರಿಚಯದವರು ಹೇಳಿ ಕಳಿಸಿದ್ದು. ಅವರಿಗೆ ಅಕ್ಕನ ವಿಷಯ ಏನೂ ಗೊತ್ತಿರಲಿಲ್ಲ. ಗಂಡು ಕಾರ್ಪೆಟ್ ಎತ್ತಿ ನೋಡಿದ, ಸೈಲೆನ್ಸರಿಗೆ ಅಂಗೈ ಹಿಡಿದ, ಬಾನೆಟ್ ತೆರೆದು ಬಹಳ ಹೊತ್ತು ಬಗ್ಗಿದ್ದು ಎದ್ದು ನಿಂತ. ನಾನು ನಮ್ಮ ಮೆಟ್ಟಿಲ ಮೇಲೆ ಕೂತಿದ್ದೆ.

“ಇಷ್ಟು ಹಳೇ ಗಾಡಿನ ಇಷ್ಟು ಚೆನ್ನಾಗಿ ಯಾರು ನೋಡ್ಕೊಂಡ್ರು, ಆಂಟಿ?”

“ನನ್ನ ಗಂಡ” ಎಂದಳು ಅಕ್ಕ.

“ಅವರ ಹತ್ತಿರ ಒಂದೆರಡು ಮಾತು ಕೇಳ್ಬೇಕಿತ್ತು. ಎಲ್ಲಿದ್ದಾರೆ?”

“ಊರಿಗೆ ಹೋಗಿದ್ದಾರೆ.”

ಅವನು ತಲೆಯಾಡಿಸಿದ. ಕೀಲಿ ಕೊಡುವಾಗ ಅಕ್ಕ ಅವನಿಗೆ ಬ್ರೇಕ್ ಪ್ಯಾಡಿನ ವಿಷಯ, ಆಯಿಲಿನ ವಿಷಯ ಒಂದೊಂದಾಗಿ ಹೇಳಿದಳು. ಎಲ್ಲ ಭಾವನ ಮಾತುಗಳೇ. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ನೋಡುತ್ತ ನಿಲ್ಲಲಿಲ್ಲ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹೋಗಿ ಬಾಗಿಲು ತಟ್ಟಬೇಕೋ ಬೇಡವೋ ತಿಳಿಯದೆ ಮೆಟ್ಟಿಲ ಮೇಲೇ ಕೂತಿದ್ದೆ.

ಆಮೇಲೆ ನಾವೂ ಬ್ರಿಸ್ಬೇನಿಗೆ ಬಂದೆವು. ಕೆಲವು ವರ್ಷ ಈಸ್ಟರಿಗೆ, ಕ್ರಿಸ್‌ಮಸ್ಸಿಗೆ ಅಕ್ಕನ ಮೆಸೇಜ್ ಬರುತ್ತಿತ್ತು. ನಂತರ ಅದೂ ನಿಂತಿತು. ಮೊನ್ನೆ ಊಟದ ಡಬ್ಬಿ ಹಾಗೇ ಇಟ್ಟು ಆ ನಂಬರಿಗೆ ಫೋನ್ ಮಾಡಿದೆ, ಬಳಕೆಯಲ್ಲಿಲ್ಲ ಎಂದಿತು. ಸಂಜೆ ನನ್ನ ಗಂಡ ಏನಾಯಿತೆಂದು ಕೇಳಿದಾಗ, ಭಾವ ನೆನಪಾದರು ಎಂದೆ. ಅವರು ಯಾವ ಭಾವ ಎಂದು ಕೇಳಲಿಲ್ಲ. ನನಗೆ ಮೂವರು ಅಕ್ಕಂದಿರು, ಮೂವರು ಭಾವಂದಿರು, ದೇವರ ದಯೆಯಿಂದ ಎಲ್ಲರೂ ಚೆನ್ನಾಗಿದ್ದಾರೆ. ನಾನು ಅಳುವುದು ಮಾತ್ರ ಒಮ್ಮೆಯೂ ಮನೆಗೆ ಬರಲಾಗದ ಆ ಒಬ್ಬರಿಗಾಗಿ.